ಹನ್ನೊಂದು ದಂಟು

ಬೀಳಗಿ ಕಡೆ ದಂಡಿ. ಹಿನ್ನೀರು ತುಂಬಿ
ಪಡುವಣ ಗಾಳಿಗೆ ಮೈಯೆಲ್ಲ ಮುದುರು ಮುದುರು.
ಸಮುದ್ರ ಅನ್ನಬ್ಯಾಡ್ರಿ ಇದಕ್ಕ, ಉಪ್ಪಿಲ್ಲ.
ಆದ್ರ ತೆರಿ ಅಂದ್ರ ತೆರೀನೇ.

ನನಗ ಬೇಕಾದದ್ದು ಒಂದೇ ಉತ್ತರ:
ಮೀನ ಎಲ್ಲಿ ಹರವಲಿ?
ಹ್ವಾದ ವರ್ಷ ತಾಡಪಾಲು ತುಂಬ ಹರವಿದ್ದೆ,
ರೊಟ್ಟಿ ಮುರದು ಬಾಯಿಗಿಡೂದ್ರಾಗ
ಒಂದು ತೆರಿ ಬಂದು
ಎಣಿಸದನ ಒಯ್ತು.

ಅದಕ್ಕ ಈ ಸಲ ಹನ್ನೊಂದು ಜ್ವಾಳದ ದಂಟು.
ತೆರಿ ಏರಿ, ಇನ್ನ ಹೊರಳಬೇಕು ಅನ್ನೂದರ ಮುಂಚೆ
ಒಂದು ಉಸುರು ನಿಲ್ಲತದಲ್ಲ,
ನೊರಿ ಗೆರಿ ಕೊರದು ಬಿಡೂ ಜಾಗ,
ಅಲ್ಲೊಂದು ದಂಟು ಊರೂದು.

ಹರಗೋಲು ಮಗುಚಿ ಇಟ್ಟ ಕಡೆ
ಉಸುಕು ಮೊರದಂಗ ಚಪ್ಪಟ್ಟಿ.
ತೆರಿ ದೂರದಾಗ ಮುರೀತದ, ಮತ್ತ ಮುರೀತದ,
ದಂಡಿಗೆ ಬಂದಾಗ ಬರೇ ಒದ್ದಿ.
ಮೂರು ದಂಟು, ಮೂರೂ ಗಿಡ್ಡ ಗುರುತು.

ಟ್ರ್ಯಾಕ್ಟರಿನವರು ಉಸುಕು ಕಡಿದ ಕಡೆ ಹಂಗಲ್ಲ.
ದಂಡಿ ಅಲ್ಲಿ ನಿಚ್ಚಣಿಕಿ.
ತೆರಿ ಕಾಲಬುಡದ ತನಕ ಮುರಿಯಂಗಿಲ್ಲ,
ಸಿಟ್ಟೆಲ್ಲ ಹೊಟ್ಟ್ಯಾಗ ಹಿಡಕೊಂಡು ಬಂದು
ಒಮ್ಮೆಲೆ ಎದ್ದು, ಮೊಳಕಾಲೆತ್ತರ ಹತ್ತಿ,
ದಬಕ್ಕನೆ ಬೀಳತದ.
ನೀರಿನಿಂದ ನಾಕೇ ಹೆಜ್ಜಿ,
ಆದ್ರ ನನ್ನ ದಂಟು ಎಲ್ಲಕ್ಕಿಂತ ಎತ್ತರ.

ಆಚಿ ಕಡೆ ದಂಡಿ ಸೀರಿ ಅಂಚಿನಂಗ ಬಾಗಿ ಬಾಗಿ ಹೋಗ್ಯಾದ.
ಮುಂದ ಚಾಚಿದ ಕೊಂಬಿಗೆ ತೆರಿ ತಾಕಿ ಎರಡಾಗತದ,
ಎರಡೂ ಸುತ್ತಿ ನಡುವಿನ ಉಡಿಯೊಳಗ ಕೂಡಿ
ಹಿಂದಕ್ಕ ಹರೀಬೇಕು ಅನ್ನೂದ್ರಾಗ ಹೊಸ ತೆರಿ ಎದುರಿಗೆ.
ಬಾಗಲಕೋಟಿ ಬಸ್ಸಿನ ಬಾಗಲದಾಗ
ಇಳಿಯವ್ರು, ಏರವ್ರು.
ಯಾರೂ ಏರಲಿಲ್ಲ.

ಓವರ್‌ಸಿಯರ್ ದೇಸುಣಗಿ ಸಾಹೇಬರು
ಬಣ್ಣದ ಕೋಲು ಹಿಡಕೊಂಡು ಬಂದ್ರು.
'ಹುಲಿಗೆವ್ವಾ, ಏನಿದು ಆಟ? ನೀರಿನ ಮಟ್ಟ
ನಮ್ಮ ಪುಸ್ತಕದಾಗ ಬರದದ.'
'ಮಟ್ಟ ಒಂದೇ ಇರಬೌದ್ರಿ,' ಅಂದೆ,
'ದಂಡಿ ಹನ್ನೊಂದದಾವು.'
ನಕ್ರು. ಆಮ್ಯಾಲ ಬೂಟು ಬಿಚ್ಚಿ ನಿಂತು ನೋಡಿದ್ರು.

ಕಡೀ ದಂಟು ಉಳದಿತ್ತು.
ನೀರಿಗಿಳಿಯೂ ಹಳೇ ಡಾಂಬರು ರಸ್ತೆ,
ನಾ ಲಗ್ನಾಗಿ ಬಂದ ರಸ್ತೆ.
ಉಸುಕಾದ್ರ ಪ್ರತಿ ತೆರಿಯಿಂದ ಒಂದು ಗುಟುಕು ಕುಡೀತದ,
ಡಾಂಬರು ಏನೂ ಕುಡಿಯಂಗಿಲ್ಲ.
ತೆರಿ ಸೊಂಯ್ ಅಂತ ಮೈಲಿಗಲ್ಲು ದಾಟಿ
ಒಂಬತ್ತು ಮಾರು ಮ್ಯಾಲ ಬಂತು.
ದಂಟು ಊರಾಕ ಡಾಂಬರಿನ್ಯಾಗ ತೂತಿಲ್ಲ,
ಅಡ್ಡ ಇಟ್ಟೆ, ಮ್ಯಾಲೊಂದು ಕಲ್ಲು.
ಮುಂದಿನ ತೆರಿ ಕಲ್ಲು ಬಿಟ್ಟು ದಂಟು ಒಯ್ತು,
ಊರಿದ್ದ ಕಡೆ.

ಮೀನ ಹರವಿದ್ದು ಆರನೇ ದಂಟಿನ ಮ್ಯಾಲ,
ಎರಡು ಗೇಣು ಬಿಟ್ಟು.
ಮದ್ಯಾನದ ತನಕ ಒಣಗ್ಯಾವು, ಒಂದು ಮಗ್ಗಲು.
ರಾತ್ರಿ ಗಾಳಿ ತಿರುಗಿದ್ರ
ದಂಡಿ ಬ್ಯಾರೇನೇ ಆಗತದ, ಗೊತ್ತು.
ಮನ್ಯಾಗ ಇನ್ನ ಒಂದು ಹೊರಿ ದಂಟದ.