ಮನವಿಯ ಮೂರನೇ ಕರಡು

ಕೌಲ್ ಬಜಾರಿನ ಮಾಳಿಗೆ ಮೇಲೆ
ಸಿದ್ಧ ಉಡುಪು ತಯಾರಕರ ಸಂಘ.
ಮೇಜು ಒಂದು, ಕಂಪ್ಯೂಟರ್ ಒಂದು,
ಟೈಪು ಮಾಡುವವಳು ನಾನೊಬ್ಬಳು.
ಫ್ಯಾನು ತಿರುಗಿದರೆ ಕಾಗದ ಹಾರುತ್ತವೆ,
ನಿಂತರೆ ಸದಸ್ಯರು ಹಾರಾಡುತ್ತಾರೆ.

ಮಾರ್ಚಿಗೆ ಮುಗಿಯುತ್ತದಂತೆ ಒಪ್ಪಂದ.
ಎಂಟು ದೇಶ, ಹತ್ತು ವರ್ಷ, ಸುಂಕ ಸೊನ್ನೆ.
ಹೊಲಿಗೆ ಬಿಚ್ಚುವ ಮೊದಲೇ
ಇನ್ನೊಂದು ಹತ್ತು ವರ್ಷಕ್ಕೆ ಹೊಲಿದು ಕೊಡಿ
ಎಂದು ಬರೆಯಬೇಕು.
ಇಂಗ್ಲಿಷಿನದು ದಿಲ್ಲಿಗೆ,
ಕನ್ನಡದ್ದು ನಮ್ಮ ಸಂಸದರಿಗೆ, ಆಮೇಲೆ ಪೇಪರಿನವರಿಗೆ.

ತುಳಜಾರಾಮ ಮಿರಜಕರರು ನಿಂತೇ ಹೇಳುತ್ತಾರೆ,
ಕೊರಳಲ್ಲಿ ಅಳತೆಯ ಟೇಪು, ಕಿವಿಯಲ್ಲಿ ಸೀಮೆಸುಣ್ಣದ ಚೂರು:
"ನಲವತ್ತು ಸಾವಿರ ಕೈಗಳು ಇದನ್ನೇ ನಂಬಿವೆ."
ಕೈ ಅಂದರೆ ಜನವೋ, ಬರೀ ಕೈಯೋ ಸಾರ್?
ಎರಡರಂತೆ ಎಣಿಸಿದರೆ ಇಪ್ಪತ್ತಕ್ಕಿಳಿಯುತ್ತದೆ ಲೆಕ್ಕ.
"ಕೈ ಅಂತಲೇ ಇರಲಿ ತಾಯಿ."
ಹಾಗಿದ್ದರೆ ನಮ್ಮವ್ವನವೂ ಎರಡು ಅದರಲ್ಲಿವೆ,
ಪ್ಯಾಂಟಿಗಿಷ್ಟು ಅಂತ ದಾರ ಕತ್ತರಿಸುವವು,
ರಾತ್ರಿ ರೊಟ್ಟಿ ಬಡಿಯುವಾಗಲೂ ನೀಲಿ ಬಿಡದವು.

ರಾಯಚೂರಿನಿಂದ ಬಂದ ಜಿನ್ನಿಂಗ್ ಮಿಲ್ಲಿನ ವೀರನಗೌಡರಿಗೆ
ಚಹಾ ಬಂದರೂ ಸಮಾಧಾನವಿಲ್ಲ.
"ನಿಮ್ಮ ಪ್ಯಾಂಟು ಹೋದ ಬಾಗಿಲಲ್ಲೇ
ಅವರ ಅಗ್ಗದ ನೂಲು ಒಳಗ ಬರ್ತದಲ್ರೀ,
ನಮ್ಮ ಹತ್ತಿ ಏನು ಹಲ್ಲಿಗೆ ಇಟಗೊಳ್ಳೋಣೇನು?"
"ಬಾಗಿಲು ಅಂದಮೇಲೆ ಗೌಡರೇ,
ಒಂದೇ ಕಡೆಗೆ ತೆರೆಯುವುದು ಇಲಿಯ ಬೋನಿನದು ಮಾತ್ರ."
ಇದನ್ನೂ ಟೈಪು ಮಾಡಿದೆ.
ಇದು ಬೇಡ, ಎಂದರು.

ಎರಡನೇ ಕರಡಿಗೆ ಮಿರಜಕರರ ಕನ್ನಡಕ ಹಣೆಗೇರಿತು.
"ಏನಮ್ಮ ಇದು?"
ಸೊನ್ನೆ ಬೀಳುವ ಗುಂಡಿ ಸತ್ತಿತ್ತು.
ಸಂಘ ಸಘವಾಗಿತ್ತು.
ಸುಂಕ ಸುಕವಾಗಿತ್ತು, ಅದಕ್ಕೆ ಯಾರ ತಕರಾರೂ ಇಲ್ಲ.
ಆದರೆ ಮೂರು ಪುಟದುದ್ದಕ್ಕೂ
ಒಪ್ಪಂದ ಇರಬೇಕಾದಲ್ಲೆಲ್ಲ
ಒಪ್ಪದ.
ಎಂಟು ದೇಶಗಳು ಸಹಿ ಮಾಡಿದ ಪ್ರಾದೇಶಿಕ ಮುಕ್ತ ವ್ಯಾಪಾರ
ಒಪ್ಪದ.
ಗೌಡರು ನಕ್ಕು ನಕ್ಕು ಕೆಮ್ಮಿದರು:
"ಖರೇನ ಬರದಾಳ ನೋಡ್ರಿ ಹುಡುಗಿ!"

ನನಗೆ ನಗು ಬರಲಿಲ್ಲ.
ಅಷ್ಟು ದೊಡ್ಡ ಮಾತಿನ ಹೊಟ್ಟೆಯಲ್ಲಿ
ಕೂತದ್ದು ಇಷ್ಟೇ ಇಷ್ಟು.
ಕೆಳಗಿನ ಅಂಗಡಿಯಲ್ಲಿ ಹುಲಿಗೆವ್ವ
ಸೊಂಟಪಟ್ಟಿಗೊಂದರಂತೆ ಕಾಜಾ ಹೊಡೆಯುತ್ತಿದ್ದಳು,
ನೆಲದ ಮೂಲಕ ನನ್ನ ಕುರ್ಚಿಯ ಕಾಲಿಗೆ
ಅದರ ಗಡಗಡ ಹತ್ತುತ್ತಿತ್ತು.
ಅದೂ ಒಂದು ಸೊನ್ನೆ.
ಬರೀ ತೂತೇ, ಆದರೆ ಅಂಚು ಹೊಲಿದ ತೂತು.
ಅದಿಲ್ಲದೆ ಹಿತ್ತಾಳೆ ಗುಂಡಿ ಎಷ್ಟು ಹೊಳೆದರೂ
ಪ್ಯಾಂಟು ಸೊಂಟದ ಮೇಲೆ ನಿಲ್ಲುವುದಿಲ್ಲ.

ವಾಷಿಂಗ್ ಯುನಿಟ್ಟಿನ ಹಿಂದಿನ ಚರಂಡಿಯ ಬಗ್ಗೆ
ಯಾರೂ ಹೇಳದೆ ಒಂದು ಸಾಲು ಸೇರಿಸಿದ್ದೆ:
ಅಲ್ಲಿ ನೀರಿಳಿದ ಎಮ್ಮೆ
ಮೊಣಕಾಲಿನವರೆಗೆ ಜೀನ್ಸು ತೊಟ್ಟು ಬರುತ್ತದೆ.
ಮಹಬೂಬ್ ಪೀರಾ ಅದನ್ನು ಎರಡು ಸಲ ಓದಿದರು.
ಅವರದೇ ಯುನಿಟ್ಟು.
"ಸುಳ್ಳಲ್ಲಮ್ಮ," ಅಂದರು, "ಅದು ಬೇರೆ ಮನವಿ."
ಮೆತ್ತಗೆ ಗೆರೆ ಎಳೆದರು.

ಹೊಸ ಕೀಲಿಮಣೆ ಸೋಮವಾರಕ್ಕೆ,
ಅಂಚೆ ಇವತ್ತಿಗೆ.
ಮೂರನೇ ಕರಡು ಹಾಗೇ ಮುದ್ರಿಸಿ
ನೀಲಿ ಪೆನ್ನು ಹಿಡಿದು ಕೂತೆ,
ಒಂದೊಂದಕ್ಕೂ ಒಂದೊಂದು ಸೊನ್ನೆ
ಕೈಯಾರೆ ಇಡುತ್ತಾ, ಹನ್ನೆರಡು ಪ್ರತಿಗೆ.
ಕೆಲವು ದುಂಡಗೆ, ಕೆಲವು ಸೊಟ್ಟ,
ಐದನೇ ಪ್ರತಿಯಲ್ಲಿ ಒಂದು ನನ್ನ ಹೆಬ್ಬೆರಳಿಗಂಟಿ ಹೋಯಿತು.
ಸುಂಕಕ್ಕೂ ಇಟ್ಟೆ, ಮನಸ್ಸಿಲ್ಲದೆ.

ಮನೆಗೆ ಬಂದಾಗ ಅವ್ವನ ಮುಂದೆ ಪ್ಯಾಂಟಿನ ಗುಡ್ಡೆ.
ಎಲ್ಲ ಹೇಳಿದೆ, ಎಮ್ಮೆಯದೊಂದು ಬಿಟ್ಟು.
ಕಾಜಾದೊಳಗೆ ಬೆರಳು ತೂರಿಸಿ
ಸಿಕ್ಕಿದ ದಾರ ಎಳೆಯುತ್ತಾ ಕೇಳಿದಳು,
"ಅವರು ಒಪ್ಪಿದ್ರೆ
ನಮಗ ಪ್ಯಾಂಟಿಗೆ ಹತ್ತು ಪೈಸೆ ಏರಿಸ್ತಾರಂತಾ?"

ಮೂರೂ ಕರಡು ನೆನಪು ಮಾಡಿಕೊಂಡೆ.
ಕತ್ತರಿ ತಗೊಂಡು ಅವಳ ಪಕ್ಕ ಕೂತೆ.