ನಾಲ್ಕೂ ಚಿಲ್ಲರೆ ಜನ

ನವೆಂಬರ್ ಕೊನೆಗೆ ಟ್ರೊಮ್ಸೊದಲ್ಲಿ ಸೂರ್ಯ ಬರುವುದನ್ನು ನಿಲ್ಲಿಸುತ್ತಾನೆ.
ನಾವು ಮಾತ್ರ ಎಂಟಕ್ಕೇ ಬರುತ್ತೇವೆ ಮೂರನೇ ಮಹಡಿಗೆ,
ಒದ್ದೆ ಬೂಟು ಬಾಗಿಲಲ್ಲಿ ಬಿಟ್ಟು
ಕಾಲುಚೀಲದಲ್ಲೇ ಓಡಾಡುತ್ತ
ಜನರ ಮನಸ್ಸು ಎಣಿಸುತ್ತೇವೆ.

ಈ ಸಲದ ಪ್ರಶ್ನೆ ಸಣ್ಣದು:
ದ್ವೀಪಕ್ಕೆ ಸುರಂಗ ಬೇಕೋ, ಇರುವ ಫೆರಿಯೇ ಸಾಕೋ?
ಬೇಕು. ಸಾಕು. ಗೊತ್ತಿಲ್ಲ.
ಬೇಕಿಗೆ ನೀಲಿ, ಸಾಕಿಗೆ ಕಿತ್ತಳೆ,
ಗೊತ್ತಿಲ್ಲಕ್ಕೆ ಬೂದು.
ಬಣ್ಣ ಹಚ್ಚುವವಳು ನಾನು.

ಒಂದಗುಳು ಹಿಸುಕಿ ಇಡೀ ಅನ್ನದ ಹದ ಹೇಳುವವರು
ದೂರದ ನಾಡುಗಳಲ್ಲಿ ಇದ್ದಾರಂತೆ.
ನನ್ನಮ್ಮ ಆಲೂಗಡ್ಡೆಗೆ ಹೆಣಿಗೆಯ ಕಡ್ಡಿ ಚುಚ್ಚುತ್ತಿದ್ದಳು,
ಕೈಗೆ ಹತ್ತಿರ ಸಿಕ್ಕಿದ್ದಕ್ಕೆ.
ಅದು ಬೆಂದರೆ ಎಲ್ಲವೂ ಬೆಂದಂತೆ.
ತಟ್ಟೆಗೆ ಬಿದ್ದದ್ದು ಎಷ್ಟೋ ಸಲ ಕಲ್ಲು;
ಅಪ್ಪ ಏನೂ ಹೇಳದೆ ನುಂಗುತ್ತಿದ್ದ.
ಅಪ್ಪನದು ಬೂದು ಬಣ್ಣ ಎಂದು
ಈಗ ತಿಳಿಯುತ್ತದೆ.

ಫೋನು ಮಾಡುವವಳು ರಾಗ್ನ್‌ಫ್ರಿಡ್, ನಿವೃತ್ತ ಟೀಚರು.
ಎಪ್ಪತ್ತು ದಾಟಿದ ಹೆಂಗಸರು
ಮೊದಲ ರಿಂಗಿಗೇ ಎತ್ತುತ್ತಾರೆ.
ಸುರಂಗ, ಬೆಕ್ಕಿನ ಮಂಡಿನೋವು,
ತಂಗಿಯ ಗಂಡನ ಜಿಪುಣತನ, ಎಲ್ಲ ಹೇಳುತ್ತಾರೆ.
ಹೊಟ್ಟೆ ತುಂಬ ಮಾತಾಡಿದ ತಪ್ಪಿಗೆ
ಅವರನ್ನು ನಾವು ಇಳಿಸುತ್ತೇವೆ:
ತಲೆಗೆ ದಶಾಂಶ ಆರು.

ಏಡಿ ಹಿಡಿಯುವ ಹುಡುಗರು ಎತ್ತುವುದೇ ಇಲ್ಲ.
ಎತ್ತಿದ ಒಬ್ಬನನ್ನು
ಎತ್ತದವರ ಭಾರ ಹೊರಿಸಿ ನಿಲ್ಲಿಸುತ್ತೇವೆ.
ಅವನ ಹೆಸರು ನನಗೆ ಗೊತ್ತಿರಬಾರದು.
ರಾಗ್ನ್‌ಫ್ರಿಡ್ ಬಾಯ್ತಪ್ಪಿ ಅಂದಳು: ಮಿಕ್ಕಲ್.
ಹತ್ತೊಂಬತ್ತು ವರ್ಷ, ಉತ್ತರದ ತುದಿಯ ಬಂದರು.
ನನ್ನ ಕೋಷ್ಟಕದಲ್ಲಿ ಅವನು ನಾಲ್ಕು ದಶಾಂಶ ಮೂರು ಜನ:
ಇಡಿಯಾಗಿ ನಾಲ್ವರು,
ಐದನೆಯವನ ಮಂಡಿಯವರೆಗಿನ ಕಾಲು,
ರಬ್ಬರ್ ಬೂಟಿನ ಸಮೇತ.

ಅಕ್ಟೋಬರಿನಲ್ಲಿ ಸಾಕು ಅಂದ. ನವೆಂಬರಿನಲ್ಲಿ ಸಾಕು.
ಡಿಸೆಂಬರಿನಲ್ಲಿ ಗಾಳಿಯ ಸದ್ದಿನ ನಡುವೆ
ಕೂಗಿ ಹೇಳಿದ, ಫೆರಿ ಸಾಕು.
ಜನವರಿಯಲ್ಲಿ ಸೂರ್ಯ ಗುಡ್ಡದ ಮೇಲೆ ಒಂದು ಚೂರು ಇಣುಕಿದ;
ನಾವು ಜಾಮಿನ ಬನ್ನು ತಿಂದು ಸಂಭ್ರಮಿಸಿದೆವು.
ಆಗಲೂ ಸಾಕು.
ಫೆಬ್ರವರಿಯಲ್ಲಿ ಅಂದ:
ಬೇಕು. ನಾಳೆಯೇ ತೋಡಿ.

ಇಪ್ಪತ್ತೈದರೊಳಗಿನ ಗಂಡಸರ ಗೆರೆ
ಮೆಟ್ಟಿಲು ತಪ್ಪಿದವನಂತೆ ಧೊಪ್ಪನೆ ಬಿತ್ತು.
ಆ ಗೆರೆಯಲ್ಲಿ ಇದ್ದದ್ದೇ ಹನ್ನೊಂದು ಮಂದಿ.
ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದೆ, ದೋಷದ ಅಂತರ ದೊಡ್ಡದು ಎಂದು.
ಸಣ್ಣಕ್ಷರ ಓದುವ ಕಣ್ಣು ಯಾರಿಗಿದೆ?
ಪತ್ರಿಕೆ ಬರೆಯಿತು: ಯುವಕರು ತಿರುಗಿಬಿದ್ದರು.
ಪ್ರೊಫೆಸರೊಬ್ಬರು ಕಾರಣ ಕೊಟ್ಟರು, ಮೂರು.
ಮೇಯರ್ ನಾಲ್ಕನೆಯದನ್ನು ಸೇರಿಸಿದರು.

ಊಟದ ಹೊತ್ತಿಗೆ ರಾಗ್ನ್‌ಫ್ರಿಡ್
ಕಂದು ಚೀಸಿನ ಹೋಳು ಹೆರೆಯುತ್ತ ಅಂದಳು:
ಇಷ್ಟು ದಿನ ಆ ಹುಡುಗ ಫೋನೆತ್ತಿದ ಕೂಡಲೇ,
ನಾನು ಬಾಯಿ ಬಿಡುವ ಮೊದಲೇ,
'ಮಾರೆತ್?' ಅನ್ನುತ್ತಿದ್ದ.
ಅಲ್ಲಪ್ಪ, ನಾನು ಸಮೀಕ್ಷೆಯವಳು ಅಂದರೆ
ಸ್ವಲ್ಪ ಸುಮ್ಮನಿದ್ದು, ಸರಿ ಕೇಳಿ, ಅನ್ನುತ್ತಿದ್ದ.
ಈ ಸಲ ಬರೀ 'ಹಲೋ'.

ಮಾರೆತ್ ಯಾರು?
ಫೆರಿಯ ಕ್ಯಾಂಟೀನಿನಲ್ಲಿ ವಾಫಲ್ ಸುಡುವ ಹುಡುಗಿ
ಎಂದು ರಾಗ್ನ್‌ಫ್ರಿಡ್‌ಳ ಊಹೆ.
ಇರಬಹುದು. ಅವನ ಅಕ್ಕನೂ ಇರಬಹುದು.
ನಾನು ಊಹೆಗೆ ಬಣ್ಣ ಹಚ್ಚುವುದಿಲ್ಲ.
ಆದರೂ ಮಧ್ಯಾಹ್ನವಿಡೀ ಆ ಗೆರೆಯನ್ನು ಹಿಗ್ಗಿಸಿ, ಕುಗ್ಗಿಸಿ,
ಅಕ್ಷ ಸೊನ್ನೆಯಿಂದ ಶುರುಮಾಡಿ ನೋಡಿದೆ.
ಬಿದ್ದದ್ದು ಸಣ್ಣದಾಗಿ ಕಂಡಿತು.
ಎಲ್ಲರ ಬೀಳುವಿಕೆಯೂ ಹಾಗೇ ಕಾಣುತ್ತದೆ ಸೊನ್ನೆಯಿಂದ ನೋಡಿದರೆ.

ಅವನ ಬೆನ್ನ ಮೇಲಿದ್ದ ಉಳಿದ ಮೂರೂ ಚಿಲ್ಲರೆ ಜನಕ್ಕೆ
ಈ ವಿಷಯ ಗೊತ್ತೇ ಇಲ್ಲ.
ಎಲ್ಲೋ ಬಲೆ ಎಳೆಯುತ್ತ,
ಎಲ್ಲೋ ತಮ್ಮ ಹುಡುಗಿಯ ಜೊತೆ ನಗುತ್ತ,
ಸುರಂಗದ ಪರವಾಗಿಬಿಟ್ಟರು.

ಸಂಜೆ ಬಸ್ಸಿನಲ್ಲಿ ನನ್ನ ಫೋನು ಹೊಡೆದುಕೊಂಡಿತು.
ಗುರುತಿಲ್ಲದ ನಂಬರು.
ನಾನು ಇಂಥವನ್ನು ಎತ್ತುವವಳಲ್ಲ.
ಅದು ಸುಮ್ಮನಾಗುವವರೆಗೂ ಕಿಟಕಿಯ ಹಿಮ ಕೆರೆಯುತ್ತ ಕೂತೆ.
ಯಾವ ಊರಿನ ಯಾವ ಹೆಂಗಸೋ
ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು,
ನನ್ನ ಪಾಲಿನದ್ದನ್ನೂ ಸೇರಿಸಿ
ಈಗ ಉತ್ತರ ಹೇಳುತ್ತಿರಬೇಕು.