ಎಣಿಕೆ

ಯಾಂಜ್ಮಾ ಡಾಕ್ಟರು ನಿನ್ನೆ ಕೊನೆಯ ಸಲ ಕೈಗವಸು ಕಳಚಿದರು.
ಭಾಷಣ ಇತ್ತು, ಉಪ್ಪು ಹಾಕಿದ ಹಾಲಿನ ಚಹಾ ಇತ್ತು,
ಉಲಾನ್‌ಬಾತರಿನಿಂದ ಬಂದ ಅಧಿಕಾರಿ
ಅವರ ಹೆಸರನ್ನು ಎರಡು ಸಲ ತಪ್ಪಾಗಿ ಹೇಳಿದ.
ನಾನು ಮಾತಾಡಲಿಲ್ಲ. ನನ್ನ ಕೆಲಸ ಎಣಿಸುವುದು.

ಇಪ್ಪತ್ತೊಂಬತ್ತು ವರ್ಷ ಅವರ ಬಲಕ್ಕೆ ನಿಂತು
ಕತ್ತರಿ, ಇಕ್ಕಳ, ಸೂಜಿ, ನೆತ್ತರು ಹೀರುವ ಬಟ್ಟೆ,
ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು,
ಹೊಟ್ಟೆ ಮುಚ್ಚುವ ಮುಂಚೆ ಕೂಗಿ ಹೇಳುವವಳು.

ರಾಜಧಾನಿಯಲ್ಲಿ ಗುಂಡಿಗೆಗೊಬ್ಬ, ಮೂಳೆಗೊಬ್ಬ, ಮೂತ್ರಕೋಶಕ್ಕೊಬ್ಬ.
ಉಲಿಯಸ್ತಾಯ್‌ನಲ್ಲಿ ಕುತ್ತಿಗೆಯ ಗಂಟಿನಿಂದ
ಹಿಮ ತಿಂದ ಕಾಲ್ಬೆರಳಿನ ತನಕ ಇವರೊಬ್ಬರೇ.
ಕುದುರೆ ಒದ್ದು ಒಡೆದ ಗುಲ್ಮ, ಕೀವಾದ ಅಪೆಂಡಿಕ್ಸ್,
ಕುರಿಗಾಹಿಗಳ ಯಕೃತ್ತಿನಲ್ಲಿ, ಸಾಕಿದ ನಾಯಿಯೇ ಕೊಟ್ಟ,
ದ್ರಾಕ್ಷಿಗೊಂಚಲಿನಂಥ ನೀರುಗುಳ್ಳೆ.
ಒಂದು ಒಡೆದರೂ ಜೀವಕ್ಕೆ ಕುತ್ತು.
ಅದನ್ನೆತ್ತುವಾಗ ಅವರು ಉಸಿರೇ ಬಿಡುತ್ತಿರಲಿಲ್ಲ;
ಎತ್ತಿದ ಮೇಲೆ ಕೆಟ್ಟದೊಂದು ಬೈಗುಳ, ಮೆಲ್ಲಗೆ.

ಜನರೇಟರ್ ಸತ್ತ ರಾತ್ರಿ, ಬಾಣಂತಿ, ನಿಲ್ಲದ ನೆತ್ತರು.
ಬಟ್ಟೆಯ ಮೇಲೆ ಬಟ್ಟೆ. ಹದಿನಾರು, ಹದಿನೇಳು,
ಕತ್ತಲಲ್ಲೂ ಎಣಿಸುತ್ತಲೇ ಇದ್ದೆ.
ಅವರು ಕೈ ಇಳಿಸಿ, ಬೆನ್ನೆಲುಬಿಗೆ ಏನನ್ನೋ ಒತ್ತಿ ಹಿಡಿದರು.
"ಅಪ್ಪ ಕುರಿ ಕೊಯ್ಯುತ್ತಿದ್ದದ್ದು ಹೀಗೇ," ಎಂದರು.
"ಎದೆಗೂಡಿನ ಕೆಳಗೆ ಅಂಗೈಯಗಲ ಸೀಳಿ, ಕೈ ತೂರಿಸಿ,
ಗುಂಡಿಗೆಯ ಹಿಂದಿನ ಆ ಒಂದು ನಾಳ ಹುಡುಕಿ ಚಿವುಟುವುದು.
ಒಂದು ಹನಿಯೂ ನೆಲಕ್ಕೆ ಬೀಳಕೂಡದು.
ಒಂಬತ್ತು ವರ್ಷದವಳಿಗೆ ಕಲಿಸಿದ. ನಾನು ಅತ್ತೆ.
ಬೆರಳು ಮಾತ್ರ ದಾರಿ ಮರೆತಿಲ್ಲ, ನೋಡು."
ಇಪ್ಪತ್ತು ನಿಮಿಷ ಹಾಗೇ ನಿಂತರು.
ದೀಪ ಬಂತು.
ಆ ಹೆಂಗಸು ಈಗ ಬಸ್ ನಿಲ್ದಾಣದ ಬಳಿ ಅಂಗಡಿ ಇಟ್ಟಿದ್ದಾಳೆ,
ನನಗೂ ಸಾಲ ಕೊಡುವುದಿಲ್ಲ.

ಕೈಗುಣ, ಎನ್ನುತ್ತಾರೆ ಜನ.
ಒಣಗಿದ ಗಿಣ್ಣು, ಒಂದು ತೊಡೆ ಮಾಂಸ, ಒಮ್ಮೆ ಜೀವಂತ ಆಡು
ಆಸ್ಪತ್ರೆಯ ಮೆಟ್ಟಿಲಿಗೆ ಕಟ್ಟಿ ಹೋಗಿರುತ್ತಿದ್ದರು.

ಇನ್ನು ಹೇಳಬೇಕಾದ್ದು.

ಎಂಟನೆಯ ವರ್ಷ, ಮಾರ್ಚ್ ತಿಂಗಳು,
ಒಂದೇ ರಾತ್ರಿಯ ಮೂರನೆಯ ಆಪರೇಷನ್,
ಮನೆಯಲ್ಲಿ ನನ್ನ ಮಗುವಿಗೆ ಜ್ವರ.
"ಎಣಿಕೆ?" ಎಂದರು.
"ಸರಿ," ಎಂದೆ.
ಸರಿ ಇರಲಿಲ್ಲ.

ಆರು ವಾರಕ್ಕೆ ಲಾರಿ ಓಡಿಸುವ ಚೂಲೂನ್
ಕೆಂಡದಂಥ ಮೈಯಲ್ಲಿ ಮತ್ತೆ ಬಂದ. ತೆರೆದರು.
ಹಸಿರುಗಟ್ಟಿದ ಬಟ್ಟೆಯನ್ನು ಇಕ್ಕಳದಲ್ಲೆತ್ತಿ
ಬೋಗುಣಿಗೆ ಹಾಕಿ, ನನ್ನ ಕಡೆ ನೋಡದೆ,
"ಒಂದು," ಎಂದರು.

ಅವನು ಬದುಕಿದ. ವಿಚಾರಣೆಯವರು ಬಂದರು.
ಕಾರಣ ಎಂಬ ಸಾಲಿನೆದುರು ಡಾಕ್ಟರು ಬರೆದರು:
ಎಣಿಕೆ ಮುಗಿಯುವ ಮೊದಲೇ ನಾನು ಹೊಟ್ಟೆ ಮುಚ್ಚಿದೆ.
ಸುಳ್ಳು. ದುಂಡಗಿನ ಅಕ್ಷರ.
ದೊಡ್ಡ ಆಸ್ಪತ್ರೆಯಿಂದ ಬರಬೇಕಿದ್ದ ಕರೆ
ಆಮೇಲೆ ಬರಲಿಲ್ಲ. ಅವರೂ ಕೇಳಲಿಲ್ಲ.

ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಅಂತಾರಲ್ಲ,
ಸಾವಿರ ಹೊಟ್ಟೆಯೊಳಗೆ ಇಣುಕಿದ್ದೇನೆ ಅವರ ಪಕ್ಕ ನಿಂತು,
ಅವರದರೊಳಗೆ ಇಣುಕುವವರು ಯಾರು?

ನಿನ್ನೆ ಬಾಗಿಲಲ್ಲಿ ಕೋಟಿನ ಗುಂಡಿ ಹಾಕಲು ತಡಕಾಡುತ್ತಾ
(ಬೆರಳು ಈಚೆಗೆ ಸಣ್ಣಗೆ ನಡುಗುತ್ತವೆ)
ತಮಾಷೆಗೆ ಕೇಳಿದರು: "ಎಣಿಕೆ?"
ಅಭ್ಯಾಸಬಲ, ಸರಿ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು.
"ಒಂದು ಕಮ್ಮಿ," ಎಂದೆ.
ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡರು.
"ಒಳಗೆ ಹೋಗು. ಚಳಿ," ಎಂದರು.